ಬೆಳಗಿನವರ ಗೀಟು, ಮಧ್ಯಾಹ್ನದವರ ಮೊಳೆ

ಉದ್ದನೆಯ ಮರದ ಪಟ್ಟಿ. ಅದರ ಮೇಲೆ 16 ಇಂಚಿಗೊಂದರಂತೆ ಪೆನ್ಸಿಲಿನ ಗೀಟು, ಪ್ರತಿ ಗೀಟಿನ ಒಂದು ಮಗ್ಗುಲಲ್ಲಿ ಇಂಟು ಗುರುತು. ಗೀಟು ಎಳೆದವರು ಹನ್ನೆರಡನೇ ತರಗತಿಯ ಹುಡುಗ ಹುಡುಗಿಯರು. ಬೆಳಿಗ್ಗೆ ಬಂದರು, ಅಳೆದರು, ಗುರುತು ಹಾಕಿದರು. ಕೈತೊಳೆದು ಹಳದಿ ಬಸ್ಸು ಹತ್ತಿ ತಂತಮ್ಮ ಹೈಸ್ಕೂಲಿಗೆ ಹೋದರು. ಅಲ್ಲಿ ಅವರಿಗೆ ಇಂಗ್ಲಿಷು, ಗಣಿತದ ಪಾಠವಿದೆ. ಊಟದ ಹೊತ್ತು ಕಳೆದ ಮೇಲೆ ಇನ್ನೊಂದು ಬಸ್ಸು ಬಂತು. ಅದರಿಂದ ಇಳಿದ ಹನ್ನೊಂದನೇ ತರಗತಿಯವರು ಇಂಟು ಇದ್ದ ಕಡೆಗೇ ಮರದ ನಿಲುವುಗಳನ್ನು ನಿಲ್ಲಿಸಿ ಮೊಳೆ ಹೊಡೆದರು. ಈ ಎರಡು ತಂಡಗಳು ಒಟ್ಟಿಗೆ ನಿಂತು ಕೆಲಸ ಮಾಡಿದ್ದೇ ಇಲ್ಲ. ಆದರೂ ಆಗಸ್ಟಿನಲ್ಲಿ ಖಾಲಿ ನಿವೇಶನವಾಗಿದ್ದ ಜಾಗದಲ್ಲಿ ಮೇ ತಿಂಗಳ ಹೊತ್ತಿಗೆ ಜನ ಬಂದು ಒಲೆ ಹೊತ್ತಿಸಬಹುದಾದ ಒಂದು ಮನೆ ನಿಂತಿರುತ್ತದೆ.

ಇದು ಅಮೆರಿಕದ ಒಹಾಯೋ ರಾಜ್ಯದ ಕೊಲಂಬಸ್ ನಗರದ ಹೊರವಲಯದಲ್ಲಿರುವ ಒಂದು ‘ಕರಿಯರ್ ಸೆಂಟರ್’. ನಮ್ಮ ಐಟಿಐಯಂತೆ ಶಾಲೆ ಮುಗಿಸಿದವರು ಸೇರುವ ಜಾಗವಲ್ಲ. ಶಾಲೆ ಬಿಟ್ಟವರು ಸೇರುವ ಜಾಗವಂತೂ ಅಲ್ಲವೇ ಅಲ್ಲ. ಹೈಸ್ಕೂಲಿನ ಹಾಜರಿ ಪುಸ್ತಕದಲ್ಲಿ ಹೆಸರಿದ್ದ ಹಾಗೆಯೇ, ದಿನದ ಅರ್ಧ ಭಾಗ ಇಲ್ಲಿ ಬಂದು ಒಂದು ಕಸುಬು ಕಲಿಯುತ್ತಾರೆ. ಫುಟ್‌ಬಾಲ್ ತಂಡ, ಬ್ಯಾಂಡು, ಗೆಳೆಯರು, ಕೊನೆಗೆ ಕೈಗೆ ಸಿಗುವ ಡಿಪ್ಲೊಮಾ ಎಲ್ಲ ಮೂಲ ಶಾಲೆಯದೇ. ಅದರ ಜೊತೆಗೆ ಕಸುಬಿನ ಪ್ರಮಾಣಪತ್ರವೂ ಇರುತ್ತದೆ. ಮಕ್ಕಳು ಬೋಧನಾ ಶುಲ್ಕ ಕಟ್ಟಬೇಕಿಲ್ಲ. ಸುತ್ತಲಿನ ಹತ್ತಾರು ಹೈಸ್ಕೂಲುಗಳು ಕೂಡಿ ಒಂದು ಕೇಂದ್ರ ನಡೆಸುತ್ತವೆ. ಒಂದೊಂದು ಶಾಲೆಗೂ ಒಂದೊಂದು ಬೆಸುಗೆ ಶಾಲೆ, ಒಂದೊಂದು ಮೋಟಾರು ಗ್ಯಾರೇಜು ಕಟ್ಟಿಸಲು ಯಾರಿಗೂ ಆಗದು. ಎಲ್ಲರೂ ಕೂಡಿದರೆ ಒಳ್ಳೆಯದೊಂದನ್ನು ಕಟ್ಟಬಹುದು ಎನ್ನುವ ಸರಳ ಲೆಕ್ಕ. ಒಹಾಯೋದಲ್ಲಿ ಹೀಗೆ ಕೂಡಿಕೊಂಡ ಜಂಟಿ ಶಾಲಾ ಜಿಲ್ಲೆಗಳು 49 ಇವೆ.

ನಾನು ನೋಡಲು ಹೋದದ್ದು ಮನೆ ಕಟ್ಟುವ ವಿಭಾಗವನ್ನು. ನನ್ನ ಅಕ್ಕನ ಮಗ ಅಲ್ಲಿ ಮಧ್ಯಾಹ್ನದ ತಂಡದಲ್ಲಿದ್ದಾನೆ. ಆದರೆ ಈ ಲೇಖನ ಬರೆಯಲು ಕಾರಣರಾದವರು ಅವನ ಮೇಷ್ಟ್ರು. ಬದುಕಿನ ಮೊದಲ ಅರ್ಧ ಮನೆ ಕಟ್ಟುವ ಗುತ್ತಿಗೆದಾರರ ಬಳಿ ದುಡಿದು, ಮಂಡಿ ನೋವು ಶುರುವಾದ ಮೇಲೆ ಪಾಠಕ್ಕೆ ಬಂದವರು. ಮಾತು ಕಡಿಮೆ. ಅವರದೊಂದು ವಿಚಿತ್ರ ನಿಯಮವಿದೆ: ಬೆಳಗಿನವರ ಮಾತನ್ನು ಮಧ್ಯಾಹ್ನದವರಿಗೆ ಅವರು ದಾಟಿಸುವುದಿಲ್ಲ. ಏನು ಹೇಳಬೇಕಿದ್ದರೂ ಮರದ ಮೇಲೆಯೇ ಬರೆಯಬೇಕು. ಕಿಟಕಿಯ ಅಳತೆ ಬದಲಾಯಿತೇ, ಅಲ್ಲೇ ಬರೆ. ಈ ಮೂಲೆ ಇನ್ನೂ ಮೂಲೆಮಟ್ಟಕ್ಕೆ ಕೂತಿಲ್ಲವೇ, ಮೊಳೆ ಹೊಡೆಯಬೇಡಿ ಎಂದು ಅಲ್ಲೇ ಬರೆ. ಬರೆಯದೆ ಹೋದರೆ ಮಧ್ಯಾಹ್ನದವರು ತಪ್ಪು ಕಡೆ ಹೊಡೆಯುತ್ತಾರೆ, ಮರುದಿನ ಬೆಳಿಗ್ಗೆ ಬರೆಯದವರೇ ಅದನ್ನು ಕೀಳಬೇಕು.

ಇಂಟು ಗುರುತಿನ ಮಹತ್ವ ನನಗೆ ತಿಳಿದದ್ದು ಅವರು ಒಂದು ಹಲಗೆ ತಂದು ಗೋಡೆಗೆ ಆನಿಸಿ ತೋರಿಸಿದಾಗ. ಅಮೆರಿಕದ ಸಾಮಾನ್ಯ ಮನೆಯ ಗೋಡೆ ಇಟ್ಟಿಗೆಯದಲ್ಲ, ಮರದ ನಿಲುವುಗಳ ಚೌಕಟ್ಟು. ‘ಎರಡು ನಾಲ್ಕು’ ಎಂದು ಕರೆಯುವ ಆ ಮರದ ನಿಜವಾದ ಅಳತೆ ಒಂದೂವರೆ ಇಂಚು, ಮೂರೂವರೆ ಇಂಚು. ಚೌಕಟ್ಟಿನ ಹೊರಮೈಗೆ ಹೊಡೆಯುವ ಹಲಗೆ 4 ಅಡಿ ಅಗಲ, 8 ಅಡಿ ಉದ್ದ. ನಿಲುವುಗಳ ನಡುಮಧ್ಯದಿಂದ ನಡುಮಧ್ಯಕ್ಕೆ 16 ಇಂಚು ಇಟ್ಟರೆ, ಮೂರು ಅಂತರಕ್ಕೆ 48 ಇಂಚು ಆಗಿ ಹಲಗೆಯ ಅಂಚು ಸರಿಯಾಗಿ ಒಂದು ನಿಲುವಿನ ಮಧ್ಯಕ್ಕೆ ಬಂದು ಕೂರುತ್ತದೆ. ಈ ಹಲಗೆಗೆ ಮುಕ್ಕಾಲು ಇಂಚು, ಪಕ್ಕದ ಹಲಗೆಗೆ ಮುಕ್ಕಾಲು ಇಂಚು ಮೊಳೆ ಹಿಡಿಯುವ ಜಾಗ. ಅದಕ್ಕಾಗಿ ಮೊದಲ ಗೀಟನ್ನು ಹದಿನಾರಕ್ಕೆ ಅಲ್ಲ, ಹದಿನೈದೂಕಾಲು ಇಂಚಿಗೆ ಎಳೆದು, ಅದರಾಚೆಗೆ ಇಂಟು ಹಾಕುತ್ತಾರೆ. ಬರಿ ಗೀಟು ಇದ್ದರೆ ಮರವನ್ನು ಅದರ ಈಚೆ ನಿಲ್ಲಿಸಬೇಕೋ ಆಚೆ ನಿಲ್ಲಿಸಬೇಕೋ ಯಾರಿಗೆ ಗೊತ್ತು? ತಪ್ಪು ಮಗ್ಗುಲಿಗೆ ನಿಂತರೆ ಮರ ಒಂದೂವರೆ ಇಂಚು ಸರಿಯುತ್ತದೆ, ಎರಡೂ ಹಲಗೆಗಳ ಅಂಚು ಗಾಳಿಯಲ್ಲಿ ನಿಲ್ಲುತ್ತವೆ.

ಇಂಟು ಮಾತ್ರವಲ್ಲ, ಬಾಣದ ಗುರುತೂ ಇದೆ. ಯಾವ ಮರವೂ ಪೂರ್ತಿ ನೇರವಿರುವುದಿಲ್ಲ. ಒಂದು ಕಣ್ಣು ಮುಚ್ಚಿ ಅಂಚಿನುದ್ದಕ್ಕೂ ನೋಡಿದರೆ ಎಲ್ಲೋ ಸಣ್ಣಗೆ ಉಬ್ಬಿರುತ್ತದೆ. ನಮ್ಮ ಬಡಗಿಗಳು ಹಾಗೆ ಒಂಟಿಗಣ್ಣಲ್ಲಿ ನೋಡುವುದನ್ನು ನೀವೂ ಕಂಡಿರುತ್ತೀರಿ. ಉಬ್ಬು ಯಾವ ಕಡೆಗಿದೆ ಎಂದು ಬೆಳಗಿನವರು ಬಾಣ ಬರೆದಿಡುತ್ತಾರೆ. ನೆಲದ ತೊಲೆಗಳಲ್ಲಿ ಉಬ್ಬು ಮೇಲಕ್ಕಿರಬೇಕು, ಭಾರ ಬಿದ್ದಂತೆ ಅದು ನೇರವಾಗುತ್ತದೆ. ಗೋಡೆಯಲ್ಲಾದರೆ ಎಲ್ಲ ಉಬ್ಬುಗಳೂ ಒಂದೇ ಕಡೆಗಿರಬೇಕು. ಗೀಟು, ಇಂಟು, ಬಾಣ, ಅಳತೆಯ ಅಂಕಿ, ನಡುವೆ ಅಲ್ಲೊಂದು ಇಲ್ಲೊಂದು ‘ಇದು ಚೆನ್ನಾಗಿ ಬಂದಿದೆ’ ಎನ್ನುವ ಮೆಚ್ಚುಗೆ. ಇಡೀ ಮನೆಯ ಮರದ ಮೈಮೇಲೆ ಎರಡು ತಂಡಗಳ ಪತ್ರವ್ಯವಹಾರ. ಆಮೇಲೆ ಒಳಗಡೆಯಿಂದ ಜಿಪ್ಸಮ್ ಹಲಗೆ ಬಡಿದು ಬಣ್ಣ ಹಚ್ಚಿದಾಗ ಅಷ್ಟೂ ಬರಹ ಗೋಡೆಯೊಳಗೆ ಉಳಿದುಬಿಡುತ್ತದೆ. ನಾನು ಎಷ್ಟೋ ಶಾಲೆಗಳನ್ನು ನೋಡಿದ್ದೇನೆ. ಮುಖ ನೋಡದ ಒಬ್ಬರಿಗಾಗಿ ತಪ್ಪಿಲ್ಲದಂತೆ ಬರೆದಿಡಬೇಕು ಎನ್ನುವ ಹೊಣೆಯನ್ನು ಹದಿನೇಳರ ಮಕ್ಕಳ ಕೈಗೆ ಇಷ್ಟು ನಂಬಿಕೆಯಿಂದ ಕೊಟ್ಟದ್ದನ್ನು ಬೇರೆಲ್ಲೂ ಕಂಡಿಲ್ಲ.

ಉಳಿದ ಕೆಲಸ ಬೇರೆ ವಿಭಾಗಗಳಿಗೂ ಹಂಚಿಹೋಗುತ್ತದೆ. ವಿದ್ಯುತ್ ವಿಭಾಗದ ಮಕ್ಕಳು ತಂತಿ ಎಳೆಯುತ್ತಾರೆ, ಬಿಸಿಗಾಳಿ ತಂಗಾಳಿ ವಿಭಾಗದವರು ಗಾಳಿಕೊಳವೆ ಕೂರಿಸುತ್ತಾರೆ. ಹಿಮ ಬೀಳುವ ಮೊದಲು ಮಾಡು ಮುಚ್ಚಿಬಿಡಬೇಕು ಎನ್ನುವುದೊಂದೇ ಆತುರ. ಒಳಗಿನ ಕೆಲಸಕ್ಕೆ ಚಳಿಗಾಲ ಪೂರ್ತಿ ಇದೆ. ಆ ದೇಶದ ಬಾಲಕಾರ್ಮಿಕ ಕಾನೂನಿನಂತೆ 18 ತುಂಬದವರನ್ನು ಯಂತ್ರಗರಗಸಕ್ಕೆ, ಮಾಡಿನ ಕೆಲಸಕ್ಕೆ ಕೂಲಿಗೆ ಹಚ್ಚುವ ಹಾಗಿಲ್ಲ. ಮಾನ್ಯತೆ ಪಡೆದ ಕೋರ್ಸಿನಲ್ಲಿರುವ ವಿದ್ಯಾರ್ಥಿಗಳಿಗೆ ಮಾತ್ರ, ಕಣ್ಗಾವಲಿನ ಷರತ್ತಿನ ಮೇಲೆ, ವಿನಾಯಿತಿ ಉಂಟು. ಹಾಗಾಗಿ ಮೊದಲ ಪಾಠ ಸುರಕ್ಷತೆಯದೇ. ಮನೆ ಮಾರಾಟವಾಗುತ್ತದೆ, ಬಂದ ಹಣ ಮುಂದಿನ ಮನೆಗೆ ಬಂಡವಾಳ.

ಈ ವ್ಯವಸ್ಥೆಯ ಚರಿತ್ರೆಯನ್ನು ಕಚೇರಿಯಲ್ಲಿದ್ದ ಹಿರಿಯರೊಬ್ಬರು ಕಾಫಿ ಕುಡಿಯುವಷ್ಟರಲ್ಲಿ ಹೇಳಿ ಮುಗಿಸಿದರು. 1917ರ ಸ್ಮಿತ್–ಹ್ಯೂಸ್ ಕಾಯ್ದೆಯಿಂದ ಬೇಸಾಯ, ಕೈಗಾರಿಕೆ, ಗೃಹವಿಜ್ಞಾನದ ಶಾಲಾ ಪಾಠಗಳಿಗೆ ಕೇಂದ್ರ ಸರ್ಕಾರದ ಹಣ ಬರತೊಡಗಿತು. ಅದಕ್ಕೂ ಎರಡು ವರ್ಷ ಮೊದಲೇ ತತ್ವಜ್ಞಾನಿ ಜಾನ್ ಡ್ಯೂಯಿ, ಮ್ಯಾಸಚೂಸೆಟ್ಸ್‌ನ ಶಿಕ್ಷಣಾಧಿಕಾರಿ ಡೇವಿಡ್ ಸ್ನೆಡನ್ ಜೊತೆ ಪತ್ರಿಕೆಯಲ್ಲೇ ವಾದಕ್ಕಿಳಿದಿದ್ದರು. ಕಸುಬಿನ ಶಿಕ್ಷಣ ಬೇಡವೆಂದಲ್ಲ. ಅದನ್ನು ಬೇರೆಯೇ ಮಾಡಿಬಿಟ್ಟರೆ ಬಡವರ ಮಕ್ಕಳನ್ನು ಇದ್ದ ಕಾರ್ಖಾನೆಗೆ ಒಗ್ಗಿಸುವ ತರಬೇತಿಯಷ್ಟೇ ಆಗಿಬಿಡುತ್ತದೆ ಎನ್ನುವುದು ಡ್ಯೂಯಿಯ ಕಳವಳ. ಅರ್ಧ ದಿನ ಇಲ್ಲಿ ಅರ್ಧ ದಿನ ಅಲ್ಲಿ ಎನ್ನುವ ಏರ್ಪಾಟು ಆ ಕಳವಳಕ್ಕೆ ಸಿಕ್ಕ ಒಳ್ಳೆಯ ಉತ್ತರವೆಂದೇ ನನಗೆ ಅನಿಸುತ್ತದೆ.

1963ರ ವೃತ್ತಿ ಶಿಕ್ಷಣ ಕಾಯ್ದೆ ಕಟ್ಟಡಗಳಿಗೂ ಹಣ ಕೊಟ್ಟಿತು. ಆಗ ಒಹಾಯೋದಲ್ಲಿ ವೃತ್ತಿ ಶಿಕ್ಷಣದ ನಿರ್ದೇಶಕರಾಗಿದ್ದ ಬರ್ಲ್ ಶೂಮೇಕರ್ ಊರೂರು ತಿರುಗಿ ಜಂಟಿ ಶಾಲೆಗಳಿಗೆ ಜನರನ್ನು ಒಪ್ಪಿಸಿದರಂತೆ. ಟೊಲೆಡೊ ಬಳಿಯ ‘ಪೆಂಟಾ’ ಕೇಂದ್ರ 1965ರಲ್ಲಿ ಸೇನೆಯ ಹಳೆಯ ಶಸ್ತ್ರಾಗಾರದ ಕಟ್ಟಡಗಳಲ್ಲಿ ಶುರುವಾಯಿತು; ಐದು ಕೌಂಟಿಗಳು ಕೂಡಿದ್ದರಿಂದ ಆ ಹೆಸರು. ನ್ಯೂಯಾರ್ಕ್ ರಾಜ್ಯ 1948ರಲ್ಲೇ ‘ಬೋಸಸ್’ ಎಂಬ ಜಂಟಿ ಮಂಡಳಿಗಳನ್ನು ಮಾಡಿಕೊಂಡಿತ್ತು, ಈಗ ಅಲ್ಲಿ 37 ಇವೆ. ಓಕ್ಲಹೋಮಾದಲ್ಲಿ 29 ಟೆಕ್ನಾಲಜಿ ಕೇಂದ್ರಗಳ ಜಾಲವಿದೆ. 2006ರಲ್ಲಿ ಈ ಶಿಕ್ಷಣಕ್ಕೆ ಹಣ ಕೊಡುವ ಕೇಂದ್ರ ಕಾಯ್ದೆಯ ಹೆಸರಿನಿಂದಲೇ ‘ವೊಕೇಷನಲ್’ ಪದವನ್ನು ತೆಗೆದು ‘ಕರಿಯರ್ ಅಂಡ್ ಟೆಕ್ನಿಕಲ್’ ಎಂದು ಮಾಡಿದರು. ಬೋರ್ಡು ಬದಲಾದರೂ ಊರಿನ ಹಳಬರು ಈಗಲೂ ‘ಜೆವಿಎಸ್’ (ಜಾಯಿಂಟ್ ವೊಕೇಷನಲ್ ಸ್ಕೂಲ್) ಎಂದೇ ಕರೆಯುತ್ತಾರೆ.

ಬೇರೆ ವಿಭಾಗಗಳಲ್ಲಿ ನಾನು ಹಾದುಹೋದೆನಷ್ಟೇ. ಬೆಸುಗೆಯ ಕಿಡಿ, ನರ್ಸಿಂಗ್ ಸಹಾಯಕರ ಮಂಚಗಳು, ಹೊರಗಿನ ಜನರೂ ಬಂದು ಉಣ್ಣುವ ಮಕ್ಕಳದೇ ಹೋಟೆಲು. ಬೇಸಾಯ ಕಲಿಯುವವರು ನೀಲಿ ಕಾರ್ಡುರಾಯ್ ಜಾಕೆಟ್ ಹಾಕುತ್ತಾರೆ. ದೇಶದ ಉದ್ದಗಲಕ್ಕೂ ಹೆಸರಾದ ಆ ಜಾಕೆಟ್ ಹುಟ್ಟಿದ್ದು 1933ರಲ್ಲಿ ಇದೇ ಒಹಾಯೋದ ಫ್ರೆಡರಿಕ್‌ಟೌನ್ ಎಂಬ ಸಣ್ಣ ಊರಿನಲ್ಲಿ.

ಕಷ್ಟಗಳಿಲ್ಲವೆಂದಲ್ಲ. ಅರ್ಧ ದಿನ ಹೊರಗೆ ಹೋದರೆ ಮೂಲ ಶಾಲೆಯಲ್ಲಿ ಆ ಹೊತ್ತಿಗೇ ನಡೆಯುವ ರಸಾಯನಶಾಸ್ತ್ರದ ಮೇಲ್ಮಟ್ಟದ ತರಗತಿಯೋ ಬ್ಯಾಂಡಿನ ಅಭ್ಯಾಸವೋ ತಪ್ಪುತ್ತದೆ. ಬಸ್ಸಿನಲ್ಲೇ ಊಟ ಮುಗಿಸುವ ಮಕ್ಕಳಿದ್ದಾರೆ. ಕೇಂದ್ರಕ್ಕೆ ಹಣ ಬರುವುದು ಬಹುಪಾಲು ಆಸ್ತಿ ತೆರಿಗೆಯಿಂದ. ಹೊಸ ತೆರಿಗೆಗೆ ಊರಿನ ಜನ ಮತ ಹಾಕಿ ಒಪ್ಪಬೇಕು. ಎಲ್ಲಕ್ಕಿಂತ ದೊಡ್ಡದು, ಓದಲಾಗದವರು ಹೋಗುವ ಜಾಗ ಅದು ಎನ್ನುವ ಹಳೆಯ ಮಾತು. ಅದು ಅಮೆರಿಕದಲ್ಲೂ ಸತ್ತಿಲ್ಲ, ನಮ್ಮವರ ಮನೆಗಳಲ್ಲಂತೂ ಇನ್ನೂ ಗಟ್ಟಿಯಾಗಿದೆ. ಕೊಲಂಬಸ್ ಸುತ್ತಮುತ್ತಲಿನ ಕನ್ನಡದ ಮನೆಗಳಲ್ಲಿ ಅಪ್ಪ ಅಮ್ಮ ಹೆಚ್ಚಾಗಿ ಸಾಫ್ಟ್‌ವೇರಿನಲ್ಲೋ ಆಸ್ಪತ್ರೆಯಲ್ಲೋ ಇರುವವರು. ಮಗ ಗರಗಸ ಹಿಡಿಯುತ್ತೇನೆ ಎಂದಾಗ ಅಕ್ಕ ವಾರಗಟ್ಟಲೆ ಸರಿಯಾಗಿ ಮಾತಾಡಲಿಲ್ಲ. ಭಾವ ಒಪ್ಪಿದ್ದು, ಇಲ್ಲಿಂದ ಸಿವಿಲ್ ಎಂಜಿನಿಯರಿಂಗಿಗೂ ಹೋಗಬಹುದು, ಸಂಬಳ ಪಡೆಯುತ್ತಲೇ ಕಲಿಯುವ ಅಪ್ರೆಂಟಿಸ್‌ಗೂ ಹೋಗಬಹುದು, ಯಾವ ಬಾಗಿಲೂ ಮುಚ್ಚುವುದಿಲ್ಲ ಎಂದು ಖಾತ್ರಿಯಾದ ಮೇಲೆ. ಈಗ ಅಕ್ಕ ಊರಿಗೆ ಫೋನ್ ಮಾಡಿದಾಗ ತಾನಾಗಿಯೇ ಮನೆಯ ಫೋಟೊ ಕಳಿಸುತ್ತಾಳೆ.

ನನಗೆ ನಮ್ಮ ಊರುಗಳ ಯೋಚನೆ ಬಿಡಲಿಲ್ಲ. ಕೈಕೆಲಸದ ಶಿಕ್ಷಣಕ್ಕೆಂದೇ ಬೆಂಗಳೂರಿನಲ್ಲಿ 1943ರಲ್ಲಿ ವಿಶ್ವೇಶ್ವರಯ್ಯನವರು ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಕಟ್ಟಿಸಿದ ನಾಡು ಇದು. ಪಿಯುಸಿ ಮಟ್ಟದ ಉದ್ಯೋಗಾಧಾರಿತ ‘ಜೆಒಸಿ’ ಕೋರ್ಸುಗಳು ಎಷ್ಟೋ ಮನೆಗಳಿಗೆ ಅನ್ನ ಕೊಟ್ಟು, ಆಮೇಲೆ ನಿಂತುಹೋದವು. ಈಗ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂಬತ್ತನೇ ತರಗತಿಯಿಂದ ವೃತ್ತಿ ವಿಷಯವೊಂದನ್ನು ಕಲಿಸುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಂತೂ ಒಂದು ಶಾಲೆಯಲ್ಲಿ ಕೌಶಲ ಪ್ರಯೋಗಾಲಯ ಮಾಡಿ ಸುತ್ತಲಿನ ಶಾಲೆಗಳು ಅದನ್ನು ಬಳಸುವಂತಿರಬೇಕು ಎಂದು ಸ್ಪಷ್ಟವಾಗಿ ಹೇಳಿದೆ. ಒಹಾಯೋದವರು ಅರವತ್ತು ವರ್ಷಗಳಿಂದ ಮಾಡುತ್ತಿರುವುದು ಅದನ್ನೇ. ನಮ್ಮ ಬಹುಪಾಲು ತಾಲ್ಲೂಕು ಕೇಂದ್ರಗಳಲ್ಲಿ ಐಟಿಐ ಇದೆ, ಅದರಲ್ಲಿ ಲೇತು, ಬೆಸುಗೆ ಯಂತ್ರ, ಮೇಜು ಎಲ್ಲ ಇವೆ. ಕೂಗಳತೆಯಲ್ಲಿ ಪ್ರೌಢಶಾಲೆಗಳಿವೆ. ವಾರಕ್ಕೆ ಎರಡು ಮಧ್ಯಾಹ್ನವಾದರೂ ಆ ಗೇಟು ಈ ಮಕ್ಕಳಿಗೆ ತೆರೆಯಲಿ, ಒಂದು ಬಸ್ಸು ಓಡಲಿ ಎಂದು ನಾನು ಬಯಸುತ್ತೇನೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ನೋಡಿಕೊಂಡೇ ಒಬ್ಬರನ್ನು ಪುಸ್ತಕಕ್ಕೂ ಇನ್ನೊಬ್ಬರನ್ನು ಉಳಿಗೂ ಅಟ್ಟುವ ಬದಲು, ಅದಕ್ಕೂ ಮೊದಲೇ ಇಬ್ಬರೂ ಎರಡನ್ನೂ ಮುಟ್ಟಿ ನೋಡಬಹುದಲ್ಲ.

ಹೊರಡುವಾಗ ಮೇಷ್ಟ್ರು ಮುಂದಿನ ವರ್ಷದ ನಿವೇಶನ ತೋರಿಸಲು ಕರೆದುಕೊಂಡು ಹೋದರು. ಆ ಮನೆ ಮುಗಿಯುವ ಮೇ ತಿಂಗಳಿಗೇ ಅವರ ನಿವೃತ್ತಿ. ಅವರ ಜಾಗಕ್ಕೆ ಜಾಹೀರಾತು ಈಗಲೇ ಹೊರಟಿದೆ. ಪಳಗಿದ ಬಡಗಿಗೆ ಹೊರಗೆ ಶಾಲೆಗಿಂತ ಹೆಚ್ಚು ಸಂಬಳ ಸಿಗುವುದರಿಂದ ವಿಚಾರಿಸಿದವರು ಕಡಿಮೆ. ಕಲಿಸಿದ ಹಳೆಯ ಮಕ್ಕಳಲ್ಲೇ ಯಾರಾದರೂ ಬರಬಹುದೇ ಎಂದು ಅವರು ಒಬ್ಬೊಬ್ಬರಿಗೇ ಫೋನ್ ಮಾಡುತ್ತಿದ್ದಾರೆ.