ಬಾಡಿಗೆ ಕಾರಿನಲ್ಲಿ ಬ್ರಿಟನ್ನಿನಿಂದ ಫ್ರಾನ್ಸ್‌ಗೆ: ಫೆರಿ ಹಡಗಿನ ಮೂಲಕ ಸಮುದ್ರ ದಾಟುವ ಪ್ರಯಾಣಿಕರು ಊರಿನಲ್ಲೇ ಮಾಡಿಕೊಳ್ಳಬೇಕಾದ ಸಿದ್ಧತೆ

ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಕೋರಿ ಪ್ರಾದೇಶಿಕ ಸಾರಿಗೆ ಕಛೇರಿಗಳಿಗೆ ಅರ್ಜಿ ಸಲ್ಲಿಸುವವರಲ್ಲಿ ವಿದ್ಯಾರ್ಥಿಗಳು ಮತ್ತು ಉದ್ಯೋಗಿಗಳ ಜೊತೆಗೆ, ಬ್ರಿಟನ್ನಿನಲ್ಲಿರುವ ಮಕ್ಕಳನ್ನು ಕಾಣಲು ಹೊರಟ ತಂದೆ ತಾಯಂದಿರೂ ಇರುತ್ತಾರೆ. ಲಂಡನ್ ಕಡೆಯಿಂದ ಕಾರಿನಲ್ಲಿ ಡೋವರ್ ಬಂದರಿಗೆ ಹೋಗಿ, ಅಲ್ಲಿಂದ ಕಾರಿನ ಸಮೇತ ಫೆರಿ ಹಡಗು ಹತ್ತಿ ಫ್ರಾನ್ಸ್‌ನ ಕಲೇ ಬಂದರಿನಲ್ಲಿ ಇಳಿದು ಮುಂದೆ ಸಾಗುವುದು ಇಂತಹ ಕುಟುಂಬಗಳ ಸಾಮಾನ್ಯ ಯೋಜನೆ. ಪರವಾನಗಿಯೊಂದು ಕೈಗೆ ಬಂದರೆ ಸಿದ್ಧತೆ ಮುಗಿಯಿತೆಂಬ ತಿಳಿವಳಿಕೆ ಅನೇಕರಲ್ಲಿದೆ. ಅದು ಸರಿಯಲ್ಲವಾದ್ದರಿಂದ, ಸಾರ್ವಜನಿಕರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಪರವಾನಗಿ ಮತ್ತು ಅದರ ಮಿತಿ

ಭಾರತದಲ್ಲಿ ನೀಡಲಾಗುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯು 1949ರ ಜಿನೀವಾ ರಸ್ತೆ ಸಂಚಾರ ಒಪ್ಪಂದಕ್ಕೆ ಅನುಗುಣವಾದುದು. ಈ ಒಪ್ಪಂದಕ್ಕೆ ಭಾರತವು 1962ರಲ್ಲಿ ಸೇರಿತು. ಫ್ರಾನ್ಸ್ ಮತ್ತು ಬೆಲ್ಜಿಯಂ ದೇಶಗಳು ಇದೇ ಒಪ್ಪಂದಕ್ಕೆ ಸೇರಿರುವುದರಿಂದ ಅಲ್ಲಿ ಈ ಪುಸ್ತಿಕೆಗೆ ಮಾನ್ಯತೆ ಇದೆ. ಜರ್ಮನಿಯು 1949ರ ಒಪ್ಪಂದಕ್ಕೆ ಸೇರಿಲ್ಲ. ಆದ್ದರಿಂದ ಫ್ರಾನ್ಸ್‌ನಿಂದ ಮುಂದೆ ಜರ್ಮನಿಗೆ ಹೋಗಬಯಸುವವರು ತಮ್ಮ ಚಾಲನಾ ಅನುಜ್ಞಾಪತ್ರದ ಭಾಷಾಂತರದ ಅಗತ್ಯದ ಬಗ್ಗೆ ಆ ದೇಶದ ರಾಯಭಾರ ಕಛೇರಿಯಲ್ಲಿ ಮುಂಚಿತವಾಗಿ ವಿಚಾರಿಸಿಕೊಳ್ಳತಕ್ಕದ್ದು. ಬ್ರಿಟನ್ನಿನಲ್ಲಿ ಮಾತ್ರ ವಾಹನ ಓಡಿಸುವ ಸಂದರ್ಶಕರು ತಮ್ಮ ಮೂಲ ಅನುಜ್ಞಾಪತ್ರದ ಮೇಲೆಯೇ 12 ತಿಂಗಳವರೆಗೆ ಕಾರು ಓಡಿಸಬಹುದು. ಸಮುದ್ರ ದಾಟಿದ ಮೇಲೆ ಆ ಸೌಲಭ್ಯ ಹಿಂದೆಯೇ ಉಳಿಯುತ್ತದೆ.

ಅರ್ಜಿಯನ್ನು ನಮೂನೆ 4ಎ ರಲ್ಲಿ, ಸಾರಥಿ ಜಾಲತಾಣದ ಮೂಲಕ ಸಲ್ಲಿಸಬಹುದು. ಶುಲ್ಕ ರೂ. 1,000. ಅರ್ಜಿ ಸಲ್ಲಿಸುವಾಗಲೇ ವೀಸಾ ಮತ್ತು ವೈದ್ಯಕೀಯ ಪ್ರಮಾಣಪತ್ರ ಇರಬೇಕೆಂಬ ಹಿಂದಿನ ಷರತ್ತನ್ನು ಕೇಂದ್ರ ಸರ್ಕಾರವು 2021ರ ಜನವರಿಯ ಅಧಿಸೂಚನೆಯಲ್ಲಿ ಕೈಬಿಟ್ಟಿದೆ. 2022ರ ಆಗಸ್ಟ್‌ನಲ್ಲಿ ಹೊರಡಿಸಿದ ತಿದ್ದುಪಡಿಯಿಂದ ಪರವಾನಗಿಯ ಸ್ವರೂಪ ದೇಶದಾದ್ಯಂತ ಒಂದೇ ಆಗಿದ್ದು, ಕ್ಯೂಆರ್ ಕೋಡ್ ಸೇರಿಸಲಾಗಿದೆ. ಪರವಾನಗಿಯ ಅವಧಿ ಒಂದು ವರ್ಷ ಅಥವಾ ಚಾಲನಾ ಅನುಜ್ಞಾಪತ್ರದ ಅವಧಿ, ಇವೆರಡರಲ್ಲಿ ಯಾವುದು ಮೊದಲು ಮುಗಿಯುವುದೋ ಅಲ್ಲಿಯವರೆಗೆ. ಐವತ್ತೈದು ದಾಟಿದವರಿಗೆ ಅನುಜ್ಞಾಪತ್ರ ಐದೈದು ವರ್ಷಕ್ಕೆ ಮಾತ್ರ ನವೀಕರಣವಾಗುವುದರಿಂದ ಹಿರಿಯ ಅರ್ಜಿದಾರರು ಈ ದಿನಾಂಕವನ್ನು ಮೊದಲು ನೋಡಿಕೊಳ್ಳುವುದು ಒಳ್ಳೆಯದು. ಕಲಿಕಾ ಅನುಜ್ಞಾಪತ್ರ ಹೊಂದಿರುವವರು ಈ ಪರವಾನಗಿಗೆ ಅರ್ಹರಲ್ಲ.

ಅಂತರರಾಷ್ಟ್ರೀಯ ಪರವಾನಗಿ ಸ್ವತಂತ್ರ ದಾಖಲೆಯಲ್ಲ. ಮೂಲ ಅನುಜ್ಞಾಪತ್ರ ಜೊತೆಯಲ್ಲಿರಲೇಬೇಕು. ಕಾರ್ಡನ್ನು ಮನೆಯ ಬೀರುವಿನಲ್ಲಿ ಭದ್ರವಾಗಿಟ್ಟು ಪುಸ್ತಿಕೆ ಮಾತ್ರ ಒಯ್ದವರಿಗೆ ಕಾರು ಬಾಡಿಗೆ ಕೌಂಟರಿನಲ್ಲೇ ಪ್ರಯಾಣ ನಿಂತುಹೋಗುತ್ತದೆ.

ಹೆಸರಿನ ವ್ಯತ್ಯಾಸ

ನಮ್ಮ ಕಡೆಯ ಅರ್ಜಿಗಳಲ್ಲಿ ಅತಿ ಹೆಚ್ಚು ತೊಡಕು ಉಂಟುಮಾಡುವ ವಿಷಯ ಇದೇ. ಅನುಜ್ಞಾಪತ್ರದಲ್ಲಿ ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳು ಮಾತ್ರ ಇರುತ್ತವೆ. ಪಾಸ್‌ಪೋರ್ಟಿನಲ್ಲಿ ಅವೇ ಅಕ್ಷರಗಳು ಪೂರ್ಣ ಹೆಸರುಗಳಾಗಿ, ಕೆಲವೊಮ್ಮೆ ಊರಿನ ಹೆಸರೇ ಉಪನಾಮವಾಗಿ ನಮೂದಾಗಿರುತ್ತದೆ. ಊರಿನವರಿಗೆ ಇಬ್ಬರೂ ಒಬ್ಬರೇ. ವಿದೇಶದ ಬಾಡಿಗೆ ಕಾರಿನ ಗುಮಾಸ್ತರಿಗೆ ಅವರು ಬೇರೆ ಬೇರೆ ವ್ಯಕ್ತಿಗಳು. ಅಲ್ಲದೆ ಬಾಡಿಗೆ ಸಂಸ್ಥೆಗಳು ಸಾಮಾನ್ಯವಾಗಿ ಚಾಲಕರ ಹೆಸರಿನಲ್ಲೇ ಇರುವ ಕ್ರೆಡಿಟ್ ಕಾರ್ಡನ್ನು ಕೇಳಿ, ಅದರಲ್ಲಿ ಭದ್ರತಾ ಮೊತ್ತವನ್ನು ತಡೆಹಿಡಿಯುತ್ತವೆ. ಹೀಗಾಗಿ ಮೂರು ದಾಖಲೆಗಳಲ್ಲಿಯೂ ಹೆಸರು ತಾಳೆಯಾಗಬೇಕು. ವ್ಯತ್ಯಾಸವಿದ್ದಲ್ಲಿ ಮೊದಲು ಅನುಜ್ಞಾಪತ್ರದಲ್ಲಿ ಹೆಸರು ತಿದ್ದುಪಡಿ ಮಾಡಿಸಿಕೊಂಡು, ನಂತರ ಅಂತರರಾಷ್ಟ್ರೀಯ ಪರವಾನಗಿಗೆ ಅರ್ಜಿ ಸಲ್ಲಿಸುವುದು ಸೂಕ್ತ. ವಿಮಾನ ಹೊರಡುವ ವಾರದಲ್ಲಿ ಇದನ್ನು ಮಾಡಿಸಲು ಬಂದವರಿಗೆ ಕಛೇರಿಯೂ ಹೆಚ್ಚಿನ ಸಹಾಯ ಮಾಡಲಾಗುವುದಿಲ್ಲ.

ವೀಸಾ: ಎರಡು ದೇಶ, ಎರಡು ವೀಸಾ

ಇಂಗ್ಲಿಷ್ ಕಡಲ್ಗಾಲುವೆಯ ಅತಿ ಕಿರಿದಾದ ಭಾಗ ಸುಮಾರು 33 ಕಿಲೋಮೀಟರ್. ಹಡಗು ಒಂದೂವರೆ ಗಂಟೆಯಲ್ಲಿ ದಾಟುತ್ತದೆ. ಇಷ್ಟು ಹತ್ತಿರವಾದ ಕಾರಣ, ಶರಾವತಿಯ ಹಿನ್ನೀರಿನಲ್ಲಿ ಲಾಂಚಿನ ಮೇಲೆ ಕಾರು ಹತ್ತಿಸಿ ದಾಟಿದಂತೆ ಎಂದು ಭಾವಿಸುವವರುಂಟು. ಆದರೆ ಇದು ಪೂರ್ಣ ಪ್ರಮಾಣದ ಅಂತರರಾಷ್ಟ್ರೀಯ ಗಡಿ. ಬ್ರಿಟನ್ನಿನ ವೀಸಾ ಫ್ರಾನ್ಸ್‌ಗೆ ಸಲ್ಲುವುದಿಲ್ಲ. ಭಾರತೀಯ ಪಾಸ್‌ಪೋರ್ಟ್ ಹೊಂದಿದವರಿಗೆ ಪ್ರತ್ಯೇಕವಾಗಿ ಷೆಂಗೆನ್ ವೀಸಾ ಬೇಕು. ಮಕ್ಕಳು ಬ್ರಿಟಿಷ್ ಪೌರತ್ವ ಪಡೆದಿದ್ದರೆ ಅವರಿಗೆ ಅನ್ವಯಿಸುವ ನಿಯಮವೇ ಬೇರೆ. ಅವರಿಗೆ ಬೇಡವಾದದ್ದು ತಂದೆ ತಾಯಿಯರಿಗೂ ಬೇಡವೆಂದು ತಿಳಿಯಬಾರದು.

ಷೆಂಗೆನ್ ವೀಸಾಗೆ ತಾವು ಕಾನೂನುಬದ್ಧವಾಗಿ ವಾಸವಿರುವ ದೇಶದಲ್ಲಿ ಅರ್ಜಿ ಸಲ್ಲಿಸುವುದು ನಿಯಮ. ಆದ್ದರಿಂದ ಲಂಡನ್ ತಲುಪಿದ ಮೇಲೆ ನೋಡಿಕೊಳ್ಳೋಣವೆಂದು ಮುಂದೂಡದೆ ಇಲ್ಲಿಂದಲೇ ಪಡೆದುಕೊಂಡು ಹೊರಡಬೇಕು. ಪ್ರಯಾಣಕ್ಕೆ ಆರು ತಿಂಗಳ ಮುಂಚಿನಿಂದ ಅರ್ಜಿಗೆ ಅವಕಾಶವಿದೆ. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವೈದ್ಯಕೀಯ ವಿಮೆ ಕಡ್ಡಾಯ.

ಪ್ರವೇಶಗಳ ಸಂಖ್ಯೆಯನ್ನು ಅರ್ಜಿದಾರರು ವಿಶೇಷವಾಗಿ ಗಮನಿಸಬೇಕು. ಉದಾಹರಣೆಗೆ, ಬೆಂಗಳೂರಿನಿಂದ ಪ್ಯಾರಿಸ್‌ಗೆ ಹೋಗಿ ಅಲ್ಲಿ ಎರಡು ದಿನ ತಂಗಿ, ನಂತರ ಲಂಡನ್‌ಗೆ ಹೋಗುವ ಕುಟುಂಬವೊಂದನ್ನು ಭಾವಿಸೋಣ. ಪ್ಯಾರಿಸ್‌ನಲ್ಲಿ ಇಳಿದಾಗ ಷೆಂಗೆನ್ ಪ್ರವೇಶ ಒಂದಾಯಿತು. ಮುಂದಿನ ವಾರ ಡೋವರ್‌ನಿಂದ ಹಡಗಿನಲ್ಲಿ ಹೊರಟರೆ ಅದು ಎರಡನೆಯ ಪ್ರವೇಶ. ಒಂದೇ ಪ್ರವೇಶದ ವೀಸಾ ಇದ್ದರೆ ಹಡಗು ಹತ್ತಲಾಗದು. ವೀಸಾ ಅರ್ಜಿಯಲ್ಲಿ ಬಹು ಪ್ರವೇಶ ಕೋರಿ, ಪ್ರಯಾಣ ಪಟ್ಟಿಯಲ್ಲಿ ಹಡಗಿನ ಪ್ರಯಾಣವನ್ನು ಸ್ಪಷ್ಟವಾಗಿ ತೋರಿಸುವುದು ಅಗತ್ಯ. ಅದೇ ರೀತಿ ಬ್ರಿಟನ್ನಿನ ವೀಸಾ ಹಿಂದಿರುಗುವ ದಿನದಂದು ಚಾಲ್ತಿಯಲ್ಲಿರಬೇಕು.

ಈ ತಪಾಸಣೆ ಫ್ರಾನ್ಸ್‌ನಲ್ಲಿ ಇಳಿದ ಮೇಲೆ ನಡೆಯುವುದಿಲ್ಲ. 2003ರಲ್ಲಿ ಉಭಯ ದೇಶಗಳ ನಡುವೆ ಆದ ಒಪ್ಪಂದದಂತೆ ಫ್ರೆಂಚ್ ಗಡಿ ಪೊಲೀಸರು ಡೋವರ್ ಬಂದರಿನಲ್ಲಿಯೂ, ಬ್ರಿಟಿಷ್ ಅಧಿಕಾರಿಗಳು ಕಲೇ ಬಂದರಿನಲ್ಲಿಯೂ ಪಾಸ್‌ಪೋರ್ಟ್ ಪರಿಶೀಲಿಸುತ್ತಾರೆ. ಯಾರೊಬ್ಬರ ವೀಸಾ ಸರಿಯಿಲ್ಲದಿದ್ದರೂ ಸಾಲಿನಲ್ಲಿರುವ ಕಾರು ಅಲ್ಲಿಂದಲೇ ತಿರುಗಬೇಕಾಗುತ್ತದೆ. ಹಡಗಿನ ಟಿಕೆಟ್, ಆಚೆ ದಡದ ಹೋಟೆಲು, ಎಲ್ಲದರ ಹಣವೂ ಅದರೊಂದಿಗೆ ಹೋಗುತ್ತದೆ. ಐರೋಪ್ಯ ಒಕ್ಕೂಟವು ಬೆರಳಚ್ಚು ಮತ್ತು ಭಾವಚಿತ್ರ ಪಡೆಯುವ ಹೊಸ ಗಡಿ ನೋಂದಣಿ ವ್ಯವಸ್ಥೆಯನ್ನು 2025ರ ಅಕ್ಟೋಬರ್ 12ರಂದು ಆರಂಭಿಸಿದ್ದು, ಬಂದರಿಗೆ ಸಾಕಷ್ಟು ಮುಂಚಿತವಾಗಿ ತಲುಪುವುದು ಇನ್ನಷ್ಟು ಮುಖ್ಯವಾಗಿದೆ.

ಬಾಡಿಗೆ ಕಾರಿನ ದಾಖಲೆಗಳು

ಕಾರನ್ನು ದೇಶದಿಂದ ಹೊರಗೆ ಒಯ್ಯಲು ಬಾಡಿಗೆ ಸಂಸ್ಥೆಯ ಲಿಖಿತ ಅನುಮತಿ ಬೇಕು. ನೋಂದಣಿ ಪತ್ರದ ಮೂಲ ಪ್ರತಿಯನ್ನು ಸಂಸ್ಥೆಗಳು ಕೊಡುವುದಿಲ್ಲ; ಅದರ ಬದಲಾಗಿ ವಿಇ 103 ಎಂಬ ಪ್ರಮಾಣಪತ್ರ ನೀಡುತ್ತವೆ. ಕಾಯ್ದಿರಿಸುವಾಗಲೇ ಇದನ್ನು ಕೇಳಬೇಕು. ವಿದೇಶ ಪ್ರಯಾಣದ ಶುಲ್ಕ, ವಿಮೆಯ ವ್ಯಾಪ್ತಿ, ಕಾರು ಕೆಟ್ಟರೆ ಫ್ರಾನ್ಸ್‌ನಲ್ಲಿ ದೊರೆಯುವ ನೆರವು, ಅಪಘಾತವಾದಲ್ಲಿ ಬಾಡಿಗೆದಾರರು ತಾವೇ ಭರಿಸಬೇಕಾದ ಮೊತ್ತ, ಇವನ್ನು ಕೂಡಿಸಿ ನೋಡದೆ ದಿನಬಾಡಿಗೆ ಕಡಿಮೆಯೆಂದು ಒಪ್ಪಿಕೊಳ್ಳುವುದು ಲೆಕ್ಕ ಬಲ್ಲವರ ಲಕ್ಷಣವಲ್ಲ. ಕೆಲವು ಸಂಸ್ಥೆಗಳು ಚಾಲಕರ ವಯಸ್ಸಿಗೆ ಮೇಲ್ಮಿತಿಯನ್ನೂ ಇಟ್ಟಿರುತ್ತವೆ. 2021ರ ಸೆಪ್ಟೆಂಬರ್ 28ರಿಂದ ಬ್ರಿಟಿಷ್ ವಾಹನಗಳಿಗೆ ಹಳೆಯ ಜಿಬಿ ಗುರುತಿನ ಬದಲು ಯುಕೆ ಗುರುತು ಬಂದಿದೆ. ನೋಂದಣಿ ಫಲಕದಲ್ಲಿ ಅದು ಇಲ್ಲವಾದರೆ ಹಿಂಬದಿಗೆ ಅಂಟಿಸಬೇಕು.

ಸ್ವಂತ ಕಾರನ್ನೇ ಭಾರತದಿಂದ ಹೊರದೇಶಗಳಿಗೆ ಒಯ್ಯುವವರಿಗೆ ಮಾರ್ಗದಲ್ಲಿನ ಹಲವು ದೇಶಗಳಲ್ಲಿ ಕಾರ್ನೆ ಎಂಬ ಸುಂಕ ಖಾತರಿ ಪುಸ್ತಿಕೆ ಬೇಕಾಗುತ್ತದೆ. ಅದನ್ನು ಮಾನ್ಯತೆ ಪಡೆದ ಮೋಟಾರು ವಾಹನ ಸಂಘಗಳು ಠೇವಣಿ ಅಥವಾ ಬ್ಯಾಂಕ್ ಖಾತರಿಯ ಮೇಲೆ ನೀಡುತ್ತವೆ. ಪ್ರಾದೇಶಿಕ ಸಾರಿಗೆ ಕಛೇರಿಗಳಲ್ಲಿ ಅದು ದೊರೆಯುವುದಿಲ್ಲ.

ಹಡಗಿನಲ್ಲಿ

ಟಿಕೆಟ್ ಕಾಯ್ದಿರಿಸುವಾಗ ಕಾರಿನ ಎತ್ತರ ಮತ್ತು ಉದ್ದ ತಿಳಿಸಬೇಕಾಗುತ್ತದೆ. ಮೇಲ್ಛಾವಣಿಯಲ್ಲಿ ಸಾಮಾನಿನ ಪೆಟ್ಟಿಗೆ ಇದ್ದರೆ ಅದನ್ನೂ ಸೇರಿಸಿ ಹೇಳಬೇಕು. ಫ್ರಾನ್ಸ್‌ನ ಗಡಿಯಾರ ಬ್ರಿಟನ್ನಿಗಿಂತ ಒಂದು ಗಂಟೆ ಮುಂದಿದೆ. ಹತ್ತು ಗಂಟೆಗೆ ಹೊರಟ ಹಡಗು ಅಲ್ಲಿನ ಸಮಯದಂತೆ ಹನ್ನೆರಡೂವರೆಗೆ ತಲುಪುತ್ತದೆ. ಕಾರನ್ನು ಸಿಬ್ಬಂದಿ ತೋರಿಸಿದಲ್ಲಿ ನಿಲ್ಲಿಸಿ, ಗೇರಿನಲ್ಲಿ ಬಿಟ್ಟು, ಹ್ಯಾಂಡ್ ಬ್ರೇಕ್ ಎಳೆದು ಮೇಲಿನ ಅಂತಸ್ತಿಗೆ ಹೋಗಬೇಕು. ಸಮುದ್ರದಲ್ಲಿರುವಾಗ ವಾಹನಗಳ ಅಂತಸ್ತಿಗೆ ಪ್ರಯಾಣಿಕರಿಗೆ ಪ್ರವೇಶವಿಲ್ಲ. ಆದಕಾರಣ ಔಷಧಿ, ಸ್ವೆಟರ್, ಮಗುವಿನ ಹಾಲಿನ ಬಾಟಲಿ ಮೊದಲಾದವುಗಳನ್ನು ಕೈಚೀಲದಲ್ಲಿ ತೆಗೆದುಕೊಂಡೇ ಹೋಗಬೇಕು. ಕಾರನ್ನು ನಿಲ್ಲಿಸಿದ ಅಂತಸ್ತಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಬುತ್ತಿಯ ಬಗ್ಗೆ ಒಂದು ಮಾತು. ಬ್ರಿಟನ್ನಿನಿಂದ ಐರೋಪ್ಯ ಒಕ್ಕೂಟದೊಳಗೆ ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಪ್ರಯಾಣಿಕರು ಒಯ್ಯುವಂತಿಲ್ಲ. ಮಗುವಿನ ಹಾಲಿನ ಪುಡಿಗೆ ಮಾತ್ರ ಮಿತಿಯೊಳಗೆ ವಿನಾಯಿತಿ ಇದೆ. ಮೊಸರನ್ನ, ತುಪ್ಪ, ಧಾರವಾಡ ಪೇಡ ಇವೆಲ್ಲ ಈ ನಿಷೇಧಕ್ಕೆ ಒಳಪಡುತ್ತವೆ. ಚಟ್ನಿಪುಡಿ, ಅವಲಕ್ಕಿಗೆ ಈ ತೊಂದರೆಯಿಲ್ಲ.

ಆಚೆ ದಡದ ರಸ್ತೆ

ಫ್ರಾನ್ಸ್‌ನಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ. ಬ್ರಿಟಿಷ್ ಕಾರಿನ ಚಾಲಕರ ಆಸನವೂ ಬಲಕ್ಕೇ ಇರುವುದರಿಂದ ಮುಂದಿನ ವಾಹನವನ್ನು ಹಿಂದಿಕ್ಕುವಾಗ ಎದುರಿನ ರಸ್ತೆ ಕಾಣುವುದಿಲ್ಲ. ಬಂದರಿನಿಂದ ಹೊರಬರುವಾಗ ಫಲಕಗಳಿರುತ್ತವೆ, ಎಲ್ಲರೂ ಎಚ್ಚರದಿಂದಿರುತ್ತಾರೆ. ಅಪಾಯವಿರುವುದು ಮರುದಿನ ಬೆಳಿಗ್ಗೆ, ಪೆಟ್ರೋಲ್ ಬಂಕಿನಿಂದಲೋ ಹೋಟೆಲಿನ ಅಂಗಳದಿಂದಲೋ ಖಾಲಿ ರಸ್ತೆಗೆ ಇಳಿಯುವಾಗ. ಊರಿನ ಅಭ್ಯಾಸ ಕೈಯನ್ನು ಎಡಕ್ಕೇ ಎಳೆಯುತ್ತದೆ. ಪಕ್ಕದಲ್ಲಿ ಕುಳಿತವರು ಪ್ರತಿ ಬಾರಿಯೂ ‘ಬಲಕ್ಕೆ’ ಎಂದು ಬಾಯಿಬಿಟ್ಟು ಹೇಳುವ ಪದ್ಧತಿ ಇಟ್ಟುಕೊಳ್ಳುವುದು ಉತ್ತಮ. ವೃತ್ತಗಳಲ್ಲಿ ಅಪ್ರದಕ್ಷಿಣವಾಗಿ ಸುತ್ತಬೇಕು. ಟೋಲ್ ಗೇಟಿನ ಯಂತ್ರ ಎಡಬದಿಯಲ್ಲಿರುವುದರಿಂದ ಹಣ ಕಟ್ಟುವ ಕೆಲಸವೂ ಪಕ್ಕದಲ್ಲಿ ಕುಳಿತವರದೇ.

ವೇಗದ ಮಿತಿ ಕಿಲೋಮೀಟರುಗಳಲ್ಲಿದೆ. ಹೆದ್ದಾರಿಗಳಲ್ಲಿ ಗಂಟೆಗೆ 130, ಮಳೆ ಬಂದಾಗ 110, ಊರೊಳಗೆ 50. ಬ್ರಿಟಿಷ್ ಕಾರಿನ ವೇಗಮಾಪಕದಲ್ಲಿ ಮೈಲಿಗಳೇ ಎದ್ದು ಕಾಣುವುದರಿಂದ ಗೊಂದಲವಾಗದಂತೆ ನೋಡಿಕೊಳ್ಳಬೇಕು. ಎಚ್ಚರಿಕೆಯ ತ್ರಿಕೋನ ಮತ್ತು ಹೊಳೆಯುವ ಮೇಲಂಗಿ ಕಾರಿನಲ್ಲಿರುವುದು ಕಡ್ಡಾಯ. ಮೇಲಂಗಿಯನ್ನು ಡಿಕ್ಕಿಯಲ್ಲಿಡದೆ ಕೈಗೆಟುಕುವಲ್ಲಿಡಬೇಕು. ಹತ್ತು ವರ್ಷದೊಳಗಿನ ಮಕ್ಕಳನ್ನು ಸಾಮಾನ್ಯವಾಗಿ ಮುಂದಿನ ಆಸನದಲ್ಲಿ ಕೂರಿಸುವಂತಿಲ್ಲ. ಎಡಬದಿಯ ಸಂಚಾರಕ್ಕೆ ಹೊಂದಿಸಿದ ಹೆಡ್‌ಲೈಟುಗಳು ಎದುರಿನವರ ಕಣ್ಣು ಕುಕ್ಕದಂತೆ ಅಂಟಿಸುವ ಪಟ್ಟಿಗಳು ದೊರೆಯುತ್ತವೆ. ಕೆಲವು ಕಾರುಗಳಲ್ಲಿ ಇದನ್ನು ಒಳಗಿನಿಂದಲೇ ಬದಲಿಸಬಹುದು.

ವಿದೇಶದಲ್ಲಿರುವಾಗಲೇ ಅಂತರರಾಷ್ಟ್ರೀಯ ಪರವಾನಗಿಯ ಅವಧಿ ಮುಗಿದರೆ, ಅಲ್ಲಿನ ಭಾರತೀಯ ರಾಯಭಾರ ಕಛೇರಿಯ ಮೂಲಕ ಹೊಸ ಪರವಾನಗಿಗೆ ಅರ್ಜಿ ಸಲ್ಲಿಸಲು 2021ರ ಅದೇ ಅಧಿಸೂಚನೆಯಲ್ಲಿ ಅವಕಾಶ ಕಲ್ಪಿಸಲಾಗಿದೆ. ಆದರೆ ಮೂಲ ಅನುಜ್ಞಾಪತ್ರ ಚಾಲ್ತಿಯಲ್ಲಿರಬೇಕು. ಅರ್ಜಿದಾರರು ಹೊರಡುವ ಮುನ್ನ ಅನುಜ್ಞಾಪತ್ರ, ಪರವಾನಗಿ ಮತ್ತು ಪಾಸ್‌ಪೋರ್ಟ್‌ಗಳ ನೆರಳಚ್ಚು ಪ್ರತಿಗಳನ್ನು ಮನೆಯಲ್ಲಿ ಒಬ್ಬರ ಬಳಿ ಇಟ್ಟು ಹೋಗತಕ್ಕದ್ದು.