ನಿಮಗಿದು ಗೊತ್ತೆ? ಸರ್ಪಸುತ್ತು ಹೊಸದಾಗಿ ಅಂಟಿದ ರೋಗವಲ್ಲ
ಬಾಲ್ಯದಲ್ಲಿ ಬಂದು ವಾಸಿಯಾದ ಸೀತಾಳೆ ಸಿಡುಬಿನ ವೈರಸ್ ದೇಹ ಬಿಟ್ಟು ಹೋಗಿರುವುದಿಲ್ಲ. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ದಶಕಗಟ್ಟಲೆ ತೆಪ್ಪಗಿದ್ದು, ವಯಸ್ಸಾದಾಗಲೋ ರೋಗನಿರೋಧಕ ಶಕ್ತಿ ಕುಗ್ಗಿದಾಗಲೋ ಸರ್ಪಸುತ್ತಾಗಿ ಮತ್ತೆ ತಲೆ ಎತ್ತುತ್ತದೆ. ವೈದ್ಯರ ಚೀಟಿಯಲ್ಲಿ ‘ಹರ್ಪಿಸ್ ಜೋಸ್ಟರ್’ ಎಂದಿರುವುದು ಇದೇ. ಒಂದು ನರದ ಹಾದಿ ಹಿಡಿದು ಬರುವುದರಿಂದ ಗುಳ್ಳೆಗಳು ಸಾಮಾನ್ಯವಾಗಿ ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಾಗಿ ಏಳುತ್ತವೆ. ಈ ಪಟ್ಟಿ ಮೈ ಸುತ್ತಿ ಸರ್ಪದ ತಲೆ–ಬಾಲ ಕೂಡಿದರೆ ಸಾವು ಎಂಬುದು ಬರೀ ಹೆದರಿಕೆ. ಕೆಮ್ಮಣ್ಣು ಬಳಿದುಕೊಂಡು ಕೂತರೆ ಹೊತ್ತು ಹೋಗುತ್ತದೆ ಅಷ್ಟೆ. ಅಸೈಕ್ಲೋವಿರ್‌ನಂಥ ಮಾತ್ರೆಯನ್ನು ಗುಳ್ಳೆ ಕಂಡ 72 ಗಂಟೆಯೊಳಗೆ ಶುರುಮಾಡಿದರೆ ಹೆಚ್ಚು ಫಲ. ಗುಳ್ಳೆ ಒಣಗಿದರೂ ಕೆಲವರಿಗೆ ನರದ ಉರಿ ತಿಂಗಳುಗಟ್ಟಲೆ ಉಳಿಯುವುದುಂಟು. ಕಣ್ಣಿನ ಬಳಿ ಎದ್ದರಂತೂ ಅದೇ ದಿನ ವೈದ್ಯರನ್ನು ಕಾಣಿ.