ಚೆಂಡು ಹಾರುವ ಕೋನ: ಅದಿತಿ ಅಶೋಕ್ ಅವರ ಆಟ ಮತ್ತು ಶಾಲೆಯ ಒಂದು ಪಾಠ

2021ರ ಆಗಸ್ಟ್ 7ರಂದು ನೀರಜ್ ಚೋಪ್ರಾ ಅವರ ಭರ್ಜಿ 87.58 ಮೀಟರ್ ದೂರ ಹಾರಿ ದೇಶಕ್ಕೆ ಚಿನ್ನ ತಂದುದು ಹಿಂದೂಪುರ, ಕಲ್ಯಾಣದುರ್ಗಗಳ ಶಾಲಾ ಮಕ್ಕಳಿಗೆ ಬಾಯಿಪಾಠವಾಗಿರುವ ಸಂಗತಿ. ಅದೇ ದಿನ ಬೆಳಗ್ಗೆ ನಡೆದ ಇನ್ನೊಂದು ಸಂಗತಿ ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಟೋಕಿಯೋ ಸಮೀಪದ ಕಸುಮಿಗಾಸೆಕಿ ಮೈದಾನದಲ್ಲಿ ಬೆಂಗಳೂರಿನ ಅದಿತಿ ಅಶೋಕ್ ಮಹಿಳೆಯರ ಗಾಲ್ಫ್ ಸ್ಪರ್ಧೆಯ ಕೊನೆಯ ಸುತ್ತನ್ನು ಆಡುತ್ತಿದ್ದರು. ಗಾಲ್ಫಿನ ಗಂಧವೂ ಇಲ್ಲದ ಮನೆಗಳಲ್ಲಿ ಜನ ಅಂದು ದೂರದರ್ಶನದ ಮುಂದೆ ಕುಳಿತು, ಈ ಆಟದಲ್ಲಿ ಹೊಡೆತ ಕಡಿಮೆಯಾದಷ್ಟೂ ಒಳ್ಳೆಯದೆಂಬ ಮೂಲ ನಿಯಮವನ್ನು ಪರಸ್ಪರ ಕೇಳಿ ತಿಳಿದುಕೊಂಡರು. ನಾಲ್ಕು ದಿನಗಳಲ್ಲಿ 67, 66, 68, 68, ಒಟ್ಟು 269 ಹೊಡೆತಗಳು. ಅಮೆರಿಕದ ನೆಲ್ಲಿ ಕೊರ್ಡಾ 267 ಹೊಡೆತಗಳಲ್ಲಿ ಮುಗಿಸಿ ಚಿನ್ನ ಗೆದ್ದರು. 268ರಲ್ಲಿ ಸಮನಾದ ಜಪಾನಿನ ಮೋನೆ ಇನಾಮಿ ಮತ್ತು ನ್ಯೂಜಿಲೆಂಡಿನ ಲಿಡಿಯಾ ಕೋ ಮರುಪಂದ್ಯವಾಡಿ ಬೆಳ್ಳಿ, ಕಂಚುಗಳನ್ನು ಹಂಚಿಕೊಂಡರು. ಅದಿತಿಯವರಿಗೆ ದೊರೆತದ್ದು ನಾಲ್ಕನೆಯ ಸ್ಥಾನ. ಇನ್ನೊಂದು ಹೊಡೆತ ಉಳಿಸಿದ್ದರೆ ಆ ಮರುಪಂದ್ಯದಲ್ಲಿ ಮೂರನೆಯವರಾಗಿ ಅವರೂ ನಿಲ್ಲುತ್ತಿದ್ದರು.

ಸ್ಪರ್ಧೆಗೆ ಬರುವಾಗ ವಿಶ್ವದ ಕ್ರಮಾಂಕದಲ್ಲಿ ಅವರ ಸ್ಥಾನ 200ರಲ್ಲಿತ್ತು. ಅದೇ ಬೇಸಿಗೆಯಲ್ಲಿ ಕೋವಿಡ್ ತಗುಲಿ ಮೈಯ ಶಕ್ತಿ ಕುಂದಿತ್ತು. ಅದಕ್ಕೂ ಮೊದಲೇ ಅವರು ದೂರ ಹೊಡೆಯುವವರಲ್ಲಿ ಒಬ್ಬರೆಂದು ಹೆಸರಾದವರಲ್ಲ. ಒಂದೇ ನೆಲೆಯಿಂದ ಹೊಡೆದ ಚೆಂಡುಗಳಲ್ಲಿ ಕೊರ್ಡಾ ಅವರದು ಮತ್ತೆ ಮತ್ತೆ ಬಹಳ ಮುಂದೆ ಬಿದ್ದಿರುತ್ತಿತ್ತು. ಅದಿತಿಯವರು ಹಿಂದೆ ನಿಂತು, ಇನ್ನೂ ಉದ್ದದ ಎರಡನೆಯ ಹೊಡೆತವನ್ನು ಆಡಬೇಕಾಗುತ್ತಿತ್ತು. ಆ ಕೊರತೆಯನ್ನು ಗುರಿಯ ನಿಖರತೆ, ಕುಳಿಯ ಬಳಿಯ ಕೈಚಳಕಗಳಿಂದ ಅವರು ತುಂಬಿಕೊಂಡ ಬಗೆ ಪ್ರಶಂಸೆಗೆ ಅರ್ಹವಾದುದು ನಿಜ. ಆದರೆ ದೂರದ ಕೊರತೆ ಕೊರತೆಯೇ. ನಾಲ್ಕು ದಿನಗಳ ಕೊನೆಗೆ ಒಂದೇ ಹೊಡೆತದ ವ್ಯತ್ಯಾಸ ಉಳಿದಿರುವಾಗ, ಮೊದಲ ಹೊಡೆತಕ್ಕೆ ಹತ್ತು ಗಜ ಹೆಚ್ಚು ದೊರೆತಿದ್ದರೆ ಎಂಬ ಪ್ರಶ್ನೆ ಏಳದೆ ಇರದು. ದೇಹಬಲ ಇದ್ದಷ್ಟೇ ಇರುವಾಗ ಆ ಹತ್ತು ಗಜ ಬರುವುದಾದರೂ ಎಲ್ಲಿಂದ?

ಉತ್ತರ ಅಡಗಿರುವುದು ಕೋನದಲ್ಲಿ. ಹಾಗೆಂದರೆ ವಿಜ್ಞಾನ ಓದುವ ವಿದ್ಯಾರ್ಥಿಯೊಬ್ಬ ತಕ್ಷಣ ಹೇಳುತ್ತಾನೆ: ಎಸೆದ ವಸ್ತು ಅತ್ಯಂತ ದೂರ ಹೋಗುವುದು 45 ಡಿಗ್ರಿಯಲ್ಲಿ. ಪಾಠದಲ್ಲಿ ಹಾಗೆಯೇ ಇದೆ, ತಪ್ಪಿಲ್ಲ. ಜೋಳದ ಹೊಲದಲ್ಲಿ ಮಂಚಿಕೆಯ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸಿದ ಹಿರಿಯರ ಕೈಗೂ ಇದು ಹೆಚ್ಚುಕಡಿಮೆ ತಿಳಿದೇ ಇತ್ತು. ಆದರೆ ವಿಶ್ವದ ಶ್ರೇಷ್ಠ ಗಾಲ್ಫ್ ಆಟಗಾರರು ದೂರದ ಹೊಡೆತವನ್ನು ಆಡುವಾಗ ಚೆಂಡು ನೆಲದಿಂದ ಏಳುವ ಕೋನ 10ರಿಂದ 15 ಡಿಗ್ರಿಗಳ ಆಸುಪಾಸಿನಲ್ಲಿರುತ್ತದೆ. ನೀರಜ್ ಅವರಂಥ ಭರ್ಜಿ ಎಸೆತಗಾರರೂ 45ಕ್ಕೆ ಹೋಗುವುದಿಲ್ಲ, ಮೂವತ್ತೈದರ ಸುತ್ತಮುತ್ತಲೇ ನಿಲ್ಲುತ್ತಾರೆ. ಹಾಗಾದರೆ ಪಾಠ ಸುಳ್ಳೇ?

ಸುಳ್ಳಲ್ಲ, ಷರತ್ತಿಗೆ ಒಳಪಟ್ಟ ಸತ್ಯ. ಆ ಲೆಕ್ಕದ ಆರಂಭದಲ್ಲೇ 'ಗಾಳಿಯ ಪರಿಣಾಮವನ್ನು ಬಿಟ್ಟರೆ' ಎಂಬ ಮಾತು ಇರುತ್ತದೆ. ಪರೀಕ್ಷೆಯ ಅವಸರದಲ್ಲಿ ಅದನ್ನು ಯಾರೂ ಓದುವುದಿಲ್ಲ. ಗಾಲ್ಫಿನಲ್ಲಿ ಗಾಳಿಯನ್ನು ಬಿಟ್ಟರೆ ಆಟವೇ ಇಲ್ಲ. ಲೆಕ್ಕ ಹಾಕಿ ನೋಡಬಹುದು. ಎಲ್‌ಪಿಜಿಎ ಎಂಬ ಮಹಿಳೆಯರ ವೃತ್ತಿಪರ ಸರಣಿಯ ಆಟಗಾರ್ತಿಯರನ್ನು ರೆಡಾರ್ ಯಂತ್ರಗಳಿಂದ ಅಳೆದು ಪ್ರಕಟಿಸಿರುವ ಸರಾಸರಿಯಂತೆ, ಡ್ರೈವರ್ ತಾಗಿದ ಚೆಂಡಿನ ವೇಗ ಗಂಟೆಗೆ ಸುಮಾರು 225 ಕಿಲೋಮೀಟರ್, ಅಂದರೆ ಸೆಕೆಂಡಿಗೆ 62.6 ಮೀಟರ್, ಮೇಲೇಳುವ ಕೋನ ಸುಮಾರು 13 ಡಿಗ್ರಿ. ವೇಗದ ವರ್ಗವನ್ನು 9.8ರಿಂದ ಭಾಗಿಸಿ, ಕೋನದ ಇಮ್ಮಡಿಯ ಸೈನ್ ಬೆಲೆಯಿಂದ ಗುಣಿಸಿದರೆ ಬರುವುದು ಸುಮಾರು 175 ಮೀಟರ್. ಗಾಳಿಯೇ ಇಲ್ಲದ ಲೋಕದಲ್ಲಿ ಆ ಚೆಂಡು ಹೋಗಬೇಕಾದ ದೂರ ಅದು. ನಿಜವಾಗಿ ಅದು ನೆಲಕ್ಕೆ ಬೀಳುವುದು 199 ಮೀಟರ್, ಅಂದರೆ 218 ಗಜದ ಆಚೆ. ಎಲ್ಲೆಡೆ ತಡೆಯೊಡ್ಡುವ ಗಾಳಿ ಇಲ್ಲಿ ಚೆಂಡನ್ನು ಕೈಹಿಡಿದು ಇನ್ನೂ ಇಪ್ಪತ್ತನಾಲ್ಕು ಮೀಟರ್ ಮುಂದೆ ಕೊಂಡೊಯ್ದಿದೆ!

ಇದರ ಗುಟ್ಟು ಚೆಂಡಿನ ತಿರುಗುವಿಕೆ. ಓರೆಯಾದ ಮುಖದ ದಾಂಡು ಚೆಂಡಿಗೆ ತಾಗಿದಾಗ ಅದು ಮುಂದೆ ಹಾರುತ್ತಲೇ ಹಿಂದಕ್ಕೆ ಉರುಳುವಂತೆ ತಿರುಗುತ್ತದೆ. ಕ್ರಿಕೆಟ್ ಬಲ್ಲ ಮಕ್ಕಳು ಇದನ್ನು ಬ್ಯಾಕ್‌ಸ್ಪಿನ್ ಎಂದೇ ಕರೆಯುತ್ತಾರೆ. ಮೇಲೆ ಹೇಳಿದ ಸರಾಸರಿ ಹೊಡೆತದಲ್ಲಿ ಈ ತಿರುಗುವಿಕೆ ನಿಮಿಷಕ್ಕೆ ಸುಮಾರು 2,600 ಸುತ್ತು. ಹೀಗೆ ತಿರುಗುವ ಚೆಂಡು ತನ್ನ ಹಿಂದಿನ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ಚೆಂಡನ್ನು ಮೇಲಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೆಯ ನಿಯಮವಲ್ಲದೆ ಬೇರೇನೂ ಅಲ್ಲ. 1890ರ ದಶಕದಲ್ಲಿ ಎಡಿನ್‌ಬರೊ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪೀಟರ್ ಗತ್ರಿ ಟೇಟ್ ಇದನ್ನು ವಿವರವಾಗಿ ಗಣಿತಕ್ಕೆ ಅಳವಡಿಸಿದರು. ಅವರ ಮಗ ಫ್ರೆಡ್ಡಿ ಟೇಟ್ 1896 ಮತ್ತು 1898ರಲ್ಲಿ ಬ್ರಿಟನ್ನಿನ ಹವ್ಯಾಸಿ ಗಾಲ್ಫ್ ಪಟ್ಟ ಗೆದ್ದವರು; ತಂದೆಯ ಪ್ರಯೋಗಶಾಲೆಗೆ ಅದಕ್ಕಿಂತ ಒಳ್ಳೆಯ ಉಪಕರಣ ಬೇಕಿರಲಿಲ್ಲ. ಚೆಂಡಿನ ಮೈಮೇಲಿನ ಸಣ್ಣ ಗುಳಿಗಳ ಕಥೆಯೂ ಇಲ್ಲಿಗೇ ಸೇರುತ್ತದೆ. ನುಣ್ಣನೆಯ ಹೊಸ ಚೆಂಡಿಗಿಂತ ಏಟು ತಿಂದು ಒರಟಾದ ಹಳೆಯ ಚೆಂಡು ಚೆನ್ನಾಗಿ ಹಾರುವುದನ್ನು ಕಂಡ ಆಟಗಾರರು ಬೇಕೆಂದೇ ಅದನ್ನು ಗೀರತೊಡಗಿದರು. ಆ ಗೀರುಗಳೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂದಿನ ಗುಳಿಗಳಾದವು. ಚೆಂಡಿನ ಹಿಂದೆ ಉಳಿಯುವ ಗಾಳಿಯ ಸುಳಿಯನ್ನು ಅವು ಕಿರಿದು ಮಾಡುತ್ತವೆ, ಎಳೆತ ತಗ್ಗುತ್ತದೆ.

ಇನ್ನು ದಾಂಡಿನ ವಿಷಯ. ದೂರದ ಮೊದಲ ಹೊಡೆತಕ್ಕೆ ಬಳಸುವ ಉದ್ದನೆಯ, ದೊಡ್ಡ ತಲೆಯ ದಾಂಡೇ ಡ್ರೈವರ್. ಅದರ ಮುಖ ನೆಟ್ಟಗೆ ನಿಂತ ಗೋಡೆಯಂತಿರದೆ ಸ್ವಲ್ಪ ಹಿಂದಕ್ಕೆ ಬಾಗಿರುತ್ತದೆ. ಆ ಬಾಗುವಿಕೆಗೆ ಲಾಫ್ಟ್ ಎಂದು ಹೆಸರು. ಸಾಮಾನ್ಯವಾಗಿ 8ರಿಂದ 12 ಡಿಗ್ರಿ. ಗಂಡಸರಲ್ಲಿ ಒಂದು ಹಳೆಯ ಜಂಬವುಂಟು: ಲಾಫ್ಟ್ ಕಡಿಮೆಯಾದಷ್ಟೂ ಆಡುವವನು ಶೂರ ಎಂಬುದು. ಈ ಜಂಬ ಎಷ್ಟು ಗಜಗಳನ್ನು ನುಂಗಿದೆಯೋ ಲೆಕ್ಕವಿಲ್ಲ. ವೇಗ ಕಡಿಮೆಯಿರುವವರು 9 ಡಿಗ್ರಿಯ ದಾಂಡು ಹಿಡಿದರೆ ಚೆಂಡು ಎತ್ತರಕ್ಕೇರದೆ, ಗಾಳಿ ಅದನ್ನು ಎತ್ತುವ ಮೊದಲೇ ನೆಲಕ್ಕೆ ಬೀಳುತ್ತದೆ. ಅಂಥವರಿಗೆ 11, 12 ಡಿಗ್ರಿ, ಕೆಲವರಿಗೆ ಅದಕ್ಕೂ ಹೆಚ್ಚು ಲಾಫ್ಟ್ ಬೇಕು. ವೇಗ ಹೆಚ್ಚಿರುವವರ ಚೆಂಡಿಗೆ ಎತ್ತುವ ಬಲ ತಾನಾಗಿ ದೊರೆಯುವುದರಿಂದ ಕಡಿಮೆ ಕೋನವೇ ಸಾಕು. ಬಲ ಇಲ್ಲದವರಿಗೆ ಹೆಚ್ಚು ಕೋನ, ಬಲ ಇದ್ದವರಿಗೆ ಕಡಿಮೆ ಕೋನ: ಡ್ರೈವರ್ ಆರಿಸುವಾಗ ಇದನ್ನು ಮರೆತವರೇ ಹೆಚ್ಚು.

ಲಾಫ್ಟನ್ನು ಮನಬಂದಂತೆ ಏರಿಸುತ್ತ ಹೋದರೂ ನಡೆಯದು. ಮುಖ ಹೆಚ್ಚು ಓರೆಯಾದಂತೆ ಏಟಿನ ಶಕ್ತಿಯ ಹೆಚ್ಚಿನ ಪಾಲು ಚೆಂಡನ್ನು ತಿರುಗಿಸುವುದಕ್ಕೆ ಹೋಗಿ, ಮುಂದೂಡುವುದಕ್ಕೆ ಉಳಿಯುವುದು ಕಡಿಮೆ. ಅತಿಯಾಗಿ ತಿರುಗುವ ಚೆಂಡು ಗಾಳಿಪಟದಂತೆ ಮೇಲೇರಿ ನಿಂತು, ಅಲ್ಲೇ ಕೆಳಗಿಳಿಯುತ್ತದೆ. ಕಲ್ಯಾಣದುರ್ಗದ ಕಡೆ ಆಷಾಢದಲ್ಲಿ ಬೀಸುವಂಥ ಎದುರುಗಾಳಿಯಿದ್ದರಂತೂ ಮುಗಿಯಿತು.

ಆದ್ದರಿಂದ ಬೇಕಾದುದು ಹೆಚ್ಚಿನ ಕೋನ, ಆದರೆ ಮಿತವಾದ ತಿರುಗುವಿಕೆ. ಒಂದನ್ನು ಹಿಡಿದರೆ ಇನ್ನೊಂದು ಕೈ ಜಾರುವಂತೆ ತೋರುವ ಇವೆರಡನ್ನೂ ಕೂಡಿಸುವ ಉಪಾಯ ಚಿನ್ನಿದಾಂಡು ಆಡಿದ ಮಕ್ಕಳಿಗೆ ಹೊಸದಲ್ಲ. ತುದಿಗೆ ತಟ್ಟಿದಾಗ ಪುಟಿದ ಚಿನ್ನಿಯನ್ನು ಮೇಲಿನಿಂದ ಕೆಳಕ್ಕೆ ಬಾರಿಸಿದರೆ ಅದು ಮಣ್ಣಿಗೆ ಬೀಳುತ್ತದೆ. ತೀರ ಅಡಿಯಿಂದ ಎತ್ತಿ ಹೊಡೆದರೆ ತಲೆಯ ಮೇಲೆ ಹಾರಿ ಎದುರಾಳಿಯ ಕೈಸೇರುತ್ತದೆ. ದಾಂಡು ತನ್ನ ತಗ್ಗಿನ ಬಿಂದುವನ್ನು ದಾಟಿ ಇನ್ನೇನು ಮೇಲೇರುತ್ತಿರುವಾಗ ತಾಗಿದರೆ ಮಾತ್ರ ಬೀದಿಯ ಕೊನೆ ಮುಟ್ಟುತ್ತದೆ. ಡ್ರೈವರಿನದೂ ಅದೇ ಧರ್ಮ. ಚೆಂಡು ಏಳುವ ಕೋನದ ಶೇಕಡಾ 85ರಷ್ಟನ್ನು, ತಾಗುವ ಕ್ಷಣದಲ್ಲಿ ದಾಂಡಿನ ಮುಖ ಎಷ್ಟು ಬಾಗಿದೆ ಎಂಬುದು ನಿರ್ಧರಿಸುತ್ತದೆ. ಉಳಿದದ್ದನ್ನು ದಾಂಡು ಚಲಿಸುವ ದಿಕ್ಕು. ತಿರುಗುವಿಕೆಯಾದರೋ ಈ ಎರಡರ ನಡುವಿನ ಅಂತರವನ್ನು ಅವಲಂಬಿಸಿದೆ. ದಾಂಡು ಮೇಲ್ಮುಖವಾಗಿ ಚಲಿಸುತ್ತ ತಾಗಿದರೆ ಅಂತರ ಕಿರಿದಾಗುತ್ತದೆ: ಕೋನ ಏರುತ್ತದೆ, ತಿರುಗುವಿಕೆ ಏರುವುದಿಲ್ಲ.

ರೆಡಾರ್ ಅಳತೆಗಳು ಇದಕ್ಕೆ ಸಾಕ್ಷ್ಯ ನುಡಿಯುತ್ತವೆ. ಅಮೆರಿಕದ ಪುರುಷ ವೃತ್ತಿಪರರು ಸರಾಸರಿ ಒಂದು ಡಿಗ್ರಿಯಷ್ಟು ಕೆಳಮುಖವಾಗಿ ಹೊಡೆಯುತ್ತಾರೆ. ಅವರ ಚೆಂಡು ಏಳುವುದು ಸುಮಾರು 11 ಡಿಗ್ರಿಯಲ್ಲಿ. ಮಹಿಳೆಯರು ಮೂರು ಡಿಗ್ರಿಯಷ್ಟು ಮೇಲ್ಮುಖವಾಗಿ ಹೊಡೆದು 13 ಡಿಗ್ರಿಯಲ್ಲಿ ಚೆಂಡನ್ನು ಕಳುಹಿಸುತ್ತಾರೆ. ಇದ್ದ ವೇಗದಿಂದ ಹೆಚ್ಚು ದೂರ ಪಡೆಯುವ ಜಾಣ್ಮೆಯಲ್ಲಿ ಮಹಿಳೆಯರೇ ಮುಂದು ಎಂಬುದು ಈ ಅಂಕಿಗಳಿಂದ ಸ್ಪಷ್ಟ. ಗಂಡಸರು ಒಂದಿಷ್ಟು ದೂರವನ್ನು ಬಿಟ್ಟುಕೊಡಲು ನೇರ ಗುರಿಯ ಮೇಲಿನ ಹಿಡಿತವೂ ಕಾರಣವಿದ್ದೀತು, ಆದರೆ ಬಿಟ್ಟುಕೊಡುವ ಸಿರಿತನ ಎಲ್ಲರಿಗೂ ಇರುವುದಿಲ್ಲ.

ಇದನ್ನು ಸಾಧಿಸಲು ಹೊಸ ದಾಂಡು ಬೇಕಿಲ್ಲ. ಚೆಂಡನ್ನು ನೆಲದ ಮೇಲೆ ಎತ್ತಿ ಇಡುವ ಟೀ ಎಂಬ ಸಣ್ಣ ಗೂಟವನ್ನು, ಚೆಂಡಿನ ಅರ್ಧಭಾಗ ದಾಂಡಿನ ತಲೆಗಿಂತ ಮೇಲೆ ಕಾಣುವಷ್ಟು ಎತ್ತರಕ್ಕೆ ನೆಡಬೇಕು. ಚೆಂಡು ಮುಂದಿನ ಕಾಲಿನ ಹಿಮ್ಮಡಿಯ ನೇರದಲ್ಲಿರಬೇಕು. ಮೈಭಾರ ಚೆಂಡಿನ ಹಿಂದೆ ಉಳಿಯಬೇಕು. ಮುಖದ ನಡುವಿಗಿಂತ ತುಸು ಮೇಲೆ ತಾಗಿದ ಚೆಂಡು ಇನ್ನೂ ಹೆಚ್ಚು ಕೋನದಲ್ಲಿ, ಇನ್ನೂ ಕಡಿಮೆ ತಿರುಗುತ್ತ ಹೊರಡುತ್ತದೆ. ಆ ಹೆಚ್ಚಿನ ಕೋನ ಡ್ರೈವರಿನ ಮುಖ ಉಬ್ಬಿದಂತೆ ಇರುವುದರ ಫಲ. ಹತ್ತಾರು ಸಾವಿರ ರೂಪಾಯಿ ತೆತ್ತು ದಾಂಡು ಬದಲಿಸುವ ಪೋಷಕರು ಮೊದಲು ಟೀಯ ಎತ್ತರವನ್ನು ಬದಲಿಸಿ ನೋಡುವುದು ಲೇಸು.

ಎತ್ತರದ ಊರಿನಲ್ಲಿ ಚೆಂಡು ಹೆಚ್ಚು ದೂರ ಹಾರುತ್ತದೆಂಬುದೂ ನಿಜ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಹಿಂದೂಪುರ ಸುಮಾರು 600 ಮೀಟರ್. ತೆಳುಗಾಳಿಯಲ್ಲಿ ಎತ್ತುವ ಬಲವೂ ಕಡಿಮೆಯಾಗುತ್ತದೆ, ಆದರೆ ಎಳೆತ ಕಡಿಮೆಯಾಗುವುದರ ಲಾಭ ಅದಕ್ಕಿಂತ ಮಿಗಿಲು. ಬೆಂಗಳೂರಿನಲ್ಲಿ ಕಂಡ ದೂರ ಚೆನ್ನೈಯ ಕಡಲತೀರದಲ್ಲಿ ಕಾಣದಿದ್ದರೆ ಆಟಗಾರ ತನ್ನ ತೋಳನ್ನು ಶಪಿಸಬೇಕಿಲ್ಲ.

ಇದೆಲ್ಲ ಸಿರಿವಂತರ ಆಟ, ಗಡಿನಾಡಿನ ಕನ್ನಡ ಶಾಲೆಯ ಮಕ್ಕಳಿಗೇಕೆ ಎಂಬ ಆಕ್ಷೇಪಣೆಯಲ್ಲಿ ಹುರುಳಿದೆ. ದುಬಾರಿ ಆಟವೆಂಬುದನ್ನು ಅಲ್ಲಗಳೆಯಲಾಗದು. 1876ರಲ್ಲಿ ಸ್ಥಾಪನೆಯಾದ ಬೆಂಗಳೂರು ಗಾಲ್ಫ್ ಕ್ಲಬ್ಬು ದೀರ್ಘಕಾಲ ಬಿಳಿಯರ ವಿಹಾರಸ್ಥಾನವೇ ಆಗಿತ್ತು. ಹಿಂದೂಪುರದಿಂದ ಗೌರಿಬಿದನೂರು ದಾಟಿ ಹೋಗುವವರಿಗೆ ನಂದಿಬೆಟ್ಟದ ತಪ್ಪಲಿನಲ್ಲಿ ಇಂದು ಕಾಣುವ ಗಾಲ್ಫ್‌ಷೈರ್ ಕೂಡ ಬೇಲಿಯಾಚೆಯ ಹಸುರೇ. ಆದರೂ ಆ ಬೇಲಿ ದಾಟಿದವರಿದ್ದಾರೆ. ಬೆಂಗಳೂರಿನಲ್ಲಿ ಪರರ ದಾಂಡಿನ ಚೀಲ ಹೊರುವ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಬಿಡದಿ ಬಳಿಯ ಈಗಲ್ಟನ್ ಮೈದಾನದಲ್ಲಿ ಅದೇ ಕೆಲಸದಿಂದ ಆರಂಭಿಸಿದ ಎಸ್. ಚಿಕ್ಕರಂಗಪ್ಪ ವೃತ್ತಿಪರರಾಗಿ ಏಷ್ಯಾದ ಮೈದಾನಗಳಲ್ಲಿ ಆಡಿದರು. ಇಬ್ಬರೂ ಕಣ್ಣಿನಿಂದ ನೋಡಿ ಕಲಿತವರು.

ಅದಿತಿಯವರ ಮನೆಯಲ್ಲೂ ಗಾಲ್ಫ್ ಪರಂಪರೆ ಇರಲಿಲ್ಲ. ಐದರ ಬಾಲೆ ಬೆಂಗಳೂರಿನ ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನದಲ್ಲಿ ದಾಂಡು ಹಿಡಿದಾಗ ತಂದೆತಾಯಿ ಕೂಡ ಹೊಸಬರೇ. 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಹದಿನೆಂಟರ ಮಗಳ ಚೀಲವನ್ನು ತಂದೆ ಹೊತ್ತರು, ಟೋಕಿಯೋದಲ್ಲಿ ತಾಯಿ. ಟೋಕಿಯೋದ ಬಳಿಕ ದೂರವನ್ನು ಹೆಚ್ಚಿಸಿಕೊಳ್ಳುವುದನ್ನೇ ಅದಿತಿಯವರು ಅಭ್ಯಾಸದ ಒಂದು ಮುಖ್ಯ ಗುರಿಯಾಗಿ ಇಟ್ಟುಕೊಂಡರು. ಕುಳಿಯ ಬಳಿ ತಾನು ಯಾರಿಗೂ ಕಡಿಮೆಯಿಲ್ಲವೆಂದು ತಿಳಿದಿರುವ ಆಟಗಾರ್ತಿ, ಇರುವ ಬಲವನ್ನು ಮತ್ತಷ್ಟು ಬೆಳೆಸುವುದಕ್ಕಿಂತ ಇಲ್ಲದುದನ್ನು ಹುಡುಕಿ ಹೊರಟದ್ದು ಸಣ್ಣ ನಿರ್ಧಾರವಲ್ಲ; ಹೊಡೆತದ ರೀತಿಯನ್ನು ಬದಲಿಸಲು ಹೋಗಿ ಇದ್ದ ನಿಖರತೆಯನ್ನೂ ಕಳೆದುಕೊಂಡವರು ಈ ಆಟದಲ್ಲಿ ಹಲವರಿದ್ದಾರೆ. 2023 ಅವರಿಗೆ ಫಲ ಕೊಟ್ಟಿತು. ಕೀನ್ಯಾ ಮತ್ತು ಸ್ಪೇನಿನ ಮಹಿಳಾ ಓಪನ್‌ಗಳನ್ನು ಗೆದ್ದರು, ಲಾಸ್ ಏಂಜಲೀಸಿನಲ್ಲಿ ಮರುಪಂದ್ಯದವರೆಗೆ ಹೋದರು, ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು. ಆ ಬೆಳ್ಳಿಯೂ ಕಹಿ ಬೆರೆತದ್ದೇ: ಕೊನೆಯ ದಿನ ಏಳು ಹೊಡೆತಗಳ ಮುನ್ನಡೆಯಿಂದ ಹೊರಟು, 77 ಹೊಡೆತಗಳಿಗೆ ಮುಗಿಸಿ ಚಿನ್ನವನ್ನು ಕಳೆದುಕೊಂಡರು.

ದೂರದ ಈ ಹಂಬಲಕ್ಕೆ ಆಟದ ಕಾನೂನೂ ಕಡಿವಾಣ ಹಾಕುತ್ತ ಬಂದಿದೆ. ಚೆಂಡು 45.93 ಗ್ರಾಮಿಗಿಂತ ಭಾರವಾಗಿರಕೂಡದು, 42.67 ಮಿಲಿಮೀಟರಿಗಿಂತ ಕಿರಿದಾಗಿರಕೂಡದು. ಡ್ರೈವರಿನ ತಲೆ 460 ಘನ ಸೆಂಟಿಮೀಟರಿಗೆ ಸೀಮಿತ. ಯಂತ್ರದಿಂದ ಹೊಡೆದು ಪರೀಕ್ಷಿಸಿದಾಗ ಚೆಂಡು 317 ಗಜ, ಮೇಲೆ ಮೂರು ಗಜದ ವಿನಾಯಿತಿ, ಇದನ್ನು ಮೀರಿ ಹೋಗಬಾರದು. ಹಳೆಯ ಪರೀಕ್ಷೆಯಲ್ಲಿ ದಾಂಡಿನ ವೇಗ ಗಂಟೆಗೆ 120 ಮೈಲಿ, ಚೆಂಡು ಏಳುವ ಕೋನ 10 ಡಿಗ್ರಿ, ತಿರುಗುವಿಕೆ ನಿಮಿಷಕ್ಕೆ 2,520 ಸುತ್ತು. ಇಂದಿನ ಬಲಶಾಲಿ ಆಟಗಾರರು ಇವನ್ನೆಲ್ಲ ದಾಟಿಹೋಗಿದ್ದಾರೆಂದು ಕಂಡ ನಿಯಂತ್ರಕ ಸಂಸ್ಥೆಗಳಾದ ಆರ್ ಅಂಡ್ ಎ ಮತ್ತು ಯುಎಸ್‌ಜಿಎ, 2023ರ ಡಿಸೆಂಬರಿನಲ್ಲಿ ಹೊಸ ಪರೀಕ್ಷೆಯನ್ನು ಪ್ರಕಟಿಸಿದವು: ವೇಗ 125 ಮೈಲಿ, ಕೋನ 11 ಡಿಗ್ರಿ, ತಿರುಗುವಿಕೆ 2,200 ಸುತ್ತು, ದೂರದ ಮಿತಿ ಮಾತ್ರ ಅದೇ 317 ಗಜ. ಕೋನ ಒಂದು ಡಿಗ್ರಿ ಏರಿತು, ತಿರುಗುವಿಕೆ ಇಳಿಯಿತು. ಆಟಗಾರರು ಮೈದಾನದಲ್ಲಿ ಕಂಡುಕೊಂಡ ಉಪಾಯವನ್ನು ನಿಯಮಪುಸ್ತಕ ತನ್ನ ಪರೀಕ್ಷೆಯೊಳಗೆ ಬರೆದುಕೊಂಡಿತು.